ಬಿಟ್ಟ ಸ್ಥಳ

ಗ್ರಿಮ್ಸ್‌ಬಿ. ಮಂಗಳವಾರ, ಸಂಜೆ ಆರೂವರೆ.
ಚರ್ಚಿನ ಹಿಂದಿನ ಹಾಲು, ಗೊರಗೊರ ಅನ್ನುವ ಹೀಟರು.
ಮೀನು ಕಾರ್ಖಾನೆಯ ಪಾಳಿ ಮುಗಿಸಿ ಬಂದವರು
ನಿಂಬೆ ತಿಕ್ಕಿದರೂ ವಾಸನೆ ಬಿಡದ ಕೈಗಳನ್ನು
ಮೇಜಿನ ಕೆಳಗೆ ಬಚ್ಚಿಟ್ಟು ಕೂರುತ್ತಾರೆ.

ನಾನು ಮೂವತ್ತೊಂದು ವರ್ಷ ಬಂದರಿನ ಕಚೇರಿಯಲ್ಲಿ
ಬಂದ ಹಡಗು, ಹೋದ ಹಡಗು ಬರೆದವಳು.
ವ್ಯಾಕರಣ ಓದಿದವಳಲ್ಲ, ಆಡಿಕೊಂಡು ಬಂದವಳು.
ನಿವೃತ್ತಿಯಾದ ಮೇಲೆ ಸುಮ್ಮನೆ ಇರಲಾರದೆ
ಈ ಇರುವೆ ಬಿಟ್ಟುಕೊಂಡೆ.

ಎ, ಆ್ಯನ್, ದಿ.
ಈ ಚಿಲ್ಲರೆ ಇವರ ಜೇಬಿನಲ್ಲಿಲ್ಲ.
ವಿಜ್ಮಾಳ ಲಾಟ್ವಿಯನ್ನಿನಲ್ಲಿಲ್ಲ, ಬೊಗುಮಿಲಾಳ ಪೋಲಿಷಿನಲ್ಲಿಲ್ಲ,
ಜಾರ್ಜಿಯಾದ ಮಲ್ಖಾಜ್ ಅಂತೂ
ಬಾಯಿ ಬಿಡುವುದೇ ವಾರಕ್ಕೆ ನಾಲ್ಕು ಮಾತಿಗೆ.
“ನಾಯಿ ಬಂತು ಅಂದರೆ ನಾಯಿ ಬಂತು.
ಯಾವ ನಾಯಿ ಅಂತ ನಾಯಿಗೆ ಗೊತ್ತು” ಅನ್ನುತ್ತಾಳೆ ವಿಜ್ಮಾ.

ಬೋರ್ಡಿನ ಮೇಲೆ ನಾಯಿ ಬಿಡಿಸುತ್ತೇನೆ, ಬಾಲ ಡೊಂಕು.
ಮೊದಲ ಸಲ ಬಾಗಿಲಿಗೆ ಬಂದರೆ ಎ ಡಾಗ್:
ಗುರುತಿಲ್ಲ ಪರಿಚಯವಿಲ್ಲ, ಯಾವುದೋ ಒಂದು.
ಬಿಸ್ಕತ್ತು ಹಾಕಿದಿರೋ, ಮರುವಾಕ್ಯಕ್ಕೇ ದಿ ಡಾಗ್.
ಇನ್ನದು ನಿಮಗೇ ಗಂಟುಬಿತ್ತು.

“ಚಂದ್ರನಿಗೆ ಮೊದಲ ಸಲವೇ ದಿ ಯಾಕೆ?”
ಇರುವವನು ಒಬ್ಬನೇ ಅಲ್ಲವೆ, ಬೊಗುಮಿಲಾ.
“ನನ್ನ ಗಂಡನೂ ಒಬ್ಬನೇ. ದಿ ಮೈ ಹಸ್ಬೆಂಡ್?”
ಮೈ ಇದ್ದಲ್ಲಿ ದಿ ಕೂರದು,
ಒಂದು ಒರೆಗೆ ಎರಡು ಕತ್ತಿ ಹಿಡಿಸದು.
ಅವಳ ಮುಖ ನೋಡಿದರೆ
ಗಂಡನ ವಿಷಯಕ್ಕೆ ಈ ನಿಯಮ ಅಷ್ಟೇನೂ ಒಪ್ಪಿಗೆಯಾದಂತಿರಲಿಲ್ಲ.

ಅವರ್ ಅಂದರೆ ಆ್ಯನ್, ಎಚ್ ಬಾಯಿಗೆ ಬಾರದ್ದಕ್ಕೆ.
ಯೂನಿಫಾರ್ಮ್ ಅಂದರೆ ಎ, ಯು ಅಲ್ಲಿ ಯ ಆದದ್ದಕ್ಕೆ.
ಕಣ್ಣನ್ನಲ್ಲ, ಕಿವಿಯನ್ನು ಕೇಳಿ ಅಂದೆ.
ಮಲ್ಖಾಜ್ ಎರಡನೆಯದನ್ನು ಮಾತ್ರ ಬರೆದುಕೊಂಡ.

ಆಮೇಲೆ ಸೊನ್ನೆ.
ಏನೂ ಹಾಕಬಾರದ ಜಾಗ. ಹೇಳಿಕೊಡಲು ನನಗೇ ತಿಣುಕಾಟ.
ನಮ್ಮಪ್ಪ ವೆಂಟ್ ಟು ಸೀ, ಬಲೆ ಎಳೆದು ಹೊಟ್ಟೆ ಹೊರೆದವನು.
ಭಾನುವಾರ ಐಸ್‌ಕ್ರೀಮು ನೆಕ್ಕಲು ಬರುವವರು ಟು ದಿ ಸೀ.
ಆಸ್ಪತ್ರೆಯೂ ಹಾಗೇ: ಮಲಗಿದವರಿಗೆ ದಿ ಇಲ್ಲ,
ಹೂ ಹಿಡಿದು ನೋಡಬಂದವರಿಗೆ ಇದೆ.
(ಅಮೆರಿಕದವರು ಬೇರೆ ಹೇಳುತ್ತಾರೆ. ಹೇಳಿಕೊಳ್ಳಲಿ.)
ಒಳಗೆ ಸಿಕ್ಕಿಕೊಂಡವರಿಗೆ
ಕಟ್ಟಡ ಕಾಣುವುದಿಲ್ಲ ಅಂದೆ.
ಪುಸ್ತಕದಲ್ಲಿರಲಿಲ್ಲ ಅದು, ಬಾಯಿಗೆ ಬಂತು.

ಹೋಂವರ್ಕು: ಇಲ್ಲಿಗೆ ಬರುವ ಮುಂಚೆ. ಐದು ವಾಕ್ಯ.
ಮಲ್ಖಾಜ್ ತಂದದ್ದು ಎರಡು.
ಐ ವಾಸ್ ಇನ್ ದಿ ಪ್ರಿಸನ್ ಫಾರ್ ಇಲೆವೆನ್ ಇಯರ್ಸ್.
ಇಟ್ ವಾಸ್ ಕೋಲ್ಡ್.

ಕೆಂಪು ಪೆನ್ನು ನನಗಿಂತ ಮೊದಲು ಓಡಿತು.
ದಿ ಮೇಲೆ ಗೆರೆ ಎಳೆದೆ, ಗಾಯ ಒರೆಸುವಷ್ಟು ಮೆಲ್ಲಗೆ.
ಸೆರೆಯಲ್ಲಿದ್ದವರಿಗೆ ಇದು ಬೇಡ, ಮಲ್ಖಾಜ್.
ಹನ್ನೊಂದು ವರ್ಷ!
ವಿಜ್ಮಾ ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ
ಅವನ ಕಡೆ ಸರಿಸಿದಳು.

ಅವನು ಮುಟ್ಟಲಿಲ್ಲ.
ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡು
ಪೆನ್ಸಿಲ್ಲಿನ ತುದಿಗೆ ನಾಲಿಗೆ ತಾಗಿಸಿ
ನನ್ನ ಕೆಂಪು ಗೆರೆಯ ಮೇಲೇ ಮೂರಕ್ಷರ ಮತ್ತೆ ಬರೆದ,
ಕಾಗದ ತೂತಾಗುವಂತೆ ಒತ್ತಿ.
“ಐ ಹ್ಯಾವ್ ಕೀ” ಅಂದ.

ಎ ಕೀಯೋ, ದಿ ಕೀಯೋ.
ನಾನು ತಿದ್ದಲಿಲ್ಲ.

ಹೀಟರು ಅಷ್ಟು ಹೊತ್ತು ಒಂದೇ ಮಾತಾಡಿತು.
ವಿಜ್ಮಾಳ ಅಜ್ಜ ಎಲ್ಲೋ ಉತ್ತರದ ಹಿಮದಲ್ಲಿ
ದಿ ಇಲ್ಲದೆ ಸತ್ತವನು, ಹಿಂದೊಮ್ಮೆ ಹೇಳಿದ್ದಳು.
ಅವಳು ಚಹಾ ಹಿಂದಕ್ಕೆ ಎಳೆದುಕೊಳ್ಳಲಿಲ್ಲ,
ಕುಡಿ ಅಂತಲೂ ಅನ್ನಲಿಲ್ಲ.
ಮುಚ್ಚಳದಲ್ಲಿ ಅದು ಕೆನೆಗಟ್ಟುವುದನ್ನು
ಎಲ್ಲರೂ ನೋಡಿದೆವು, ಬೇರೆಲ್ಲಿ ನೋಡುವುದು ತಿಳಿಯದೆ.

ಹಾಳೆ ಮನೆಗೆ ತಂದೆ.
ಎರಡು ವಾಕ್ಯ, ಒಂದು ತಪ್ಪಿಲ್ಲ.
ಹತ್ತಕ್ಕೆ ಹತ್ತು ಹಾಕಬೇಕಿತ್ತು.
ಇನ್ನೂ ಹಾಕಿಲ್ಲ.